ಪರಿಹಾರ ಕೊಟ್ಟಿದ್ದಕ್ಕೆ ಪಾರ್ಲಿಮೆಂಟಿಗೆ ಬೆಂಕಿ ಇಟ್ಟರೇ?

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನನ್ನ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿ ಓದುತ್ತಿದ್ದಾನೆ. 1849ರಲ್ಲಿ ಆ ಊರಲ್ಲಿದ್ದ ಪಾರ್ಲಿಮೆಂಟ್ ಕಟ್ಟಡಕ್ಕೆ ಜನ ಬೆಂಕಿ ಇಟ್ಟರಂತೆ. ದಂಗೆಯಲ್ಲಿ ಮನೆಮಾರು ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡಲು ಹೊರಟಿದ್ದೇ ಕಾರಣವಂತೆ! ನಮ್ಮದು ಲಿಂಗನಮಕ್ಕಿಯಲ್ಲಿ ಮುಳುಗಿದ ಮನೆ. ಪರಿಹಾರ ಸಿಗದೆ ಸಿಟ್ಟಾದವರನ್ನು ನೋಡುತ್ತಲೇ ಬೆಳೆದೆ. ಕೊಟ್ಟಿದ್ದಕ್ಕೆ ಸಿಟ್ಟಾಗುವುದು ಎಂದರೇನು?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿದ ಮೇಲೆ ನನ್ನ ಅಪ್ಪನ ನೋಟ್‌ಬುಕ್ ಹುಡುಕಿ ತೆಗೆದೆ. ನಮ್ಮದೂ ಮುಳುಗಡೆ ಮನೆಯೇ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಗಾಡಿ ಕಟ್ಟಿಕೊಂಡು ಮೇಲೆ ಬಂದವರು ನಾವು. ನನಗಾಗ ಎಂಟು ವರ್ಷ. ಬಾಗಿಲ ದಾರಂದ ಕಿತ್ತು ಗಾಡಿಗೆ ಹೇರಿದ್ದು ನೆನಪಿದೆ.

ಆ ನೋಟ್‌ಬುಕ್ಕಿನಲ್ಲಿ ಅಪ್ಪ ಹೀಗೆ ಬರೆದಿದ್ದಾರೆ: ಅಡಿಕೆ ಮರ 312. ಹಲಸು 11. ಮಾವು 4, ಅದರಲ್ಲಿ ಅಪ್ಪೆಮಿಡಿ 1. ಕಲ್ಲು ಕಟ್ಟಿದ ಬಾವಿ 1. ಮಹಜರಿಗೆ ಬಂದವರು ಅಪ್ಪೆಮಿಡಿಯನ್ನೂ ಸೇರಿಸಿ 'ಮಾವು 4' ಅಂತ ಬರೆದುಕೊಂಡು ಹೋದರು. ಹೊಳೆದಂಡೆಯ ಆ ಮರದ ಮಿಡಿಗೆ ನಾಲ್ಕು ಊರಿನವರು ಬರುತ್ತಿದ್ದರು. ನಮ್ಮ ತೋಟದ ಕೆಳಗಡೆ ಗುಡಿಸಲು ಹಾಕಿಕೊಂಡು ಗೇಣಿ ಗದ್ದೆ ಮಾಡುತ್ತಿದ್ದ ಸಂಸಾರದ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮುಳುಗಿದ್ದು ಇಬ್ಬರ ಮನೆಯೂ.

ಇದನ್ನು ಯಾಕೆ ಹೇಳಿದೆ ಅಂದರೆ, ಮಾಂಟ್ರಿಯಲ್‌ನ ಜಗಳವೂ ಪಟ್ಟಿಯದ್ದೇ. ಯಾರ ಹೆಸರು ಪಟ್ಟಿಯಲ್ಲಿ ಇರಬೇಕು, ಯಾರದ್ದು ಇರಬಾರದು ಅನ್ನುವ ಜಗಳ.

ಆಗ ಕೆನಡಾ ಬ್ರಿಟಿಷರ ವಸಾಹತು. ಕೆಳ ಕೆನಡಾ ಅಂದರೆ ಇವತ್ತಿನ ಕ್ವಿಬೆಕ್, ಅಲ್ಲಿ ಫ್ರೆಂಚ್ ಮಾತಾಡುವ ರೈತರೇ ಜಾಸ್ತಿ. ಮೇಲಿನ ಕೆನಡಾ ಅಂದರೆ ಇವತ್ತಿನ ಒಂಟಾರಿಯೊ, ಅಲ್ಲಿ ಇಂಗ್ಲಿಷ್‌ನವರು. 1837 ಮತ್ತು 1838ರಲ್ಲಿ ಎರಡೂ ಕಡೆ ಸರ್ಕಾರದ ವಿರುದ್ಧ ದಂಗೆ ಆಯಿತು. ಹೆಚ್ಚುಕಡಿಮೆ ನಮ್ಮ ನಗರ (ಹಳೇ ಬಿದನೂರು) ಸೀಮೆಯ ದಂಗೆಯ ಕಾಲವೇ. ಇಲ್ಲಿ 1830-31ರಲ್ಲಿ ರೈತರು ಎದ್ದರು, ಅದೇ ನೆಪ ಮಾಡಿಕೊಂಡು ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. ಅಲ್ಲಿ ಅದಾಗಿ ಆರೇಳು ವರ್ಷಕ್ಕೆ ರೈತರು ಬಂದೂಕು ಹಿಡಿದರು.

ಕೆಳ ಕೆನಡಾದಲ್ಲಿ ದಂಗೆ ಅಡಗಿಸಿದ ರೀತಿ ಭೀಕರ. 1837ರ ಡಿಸೆಂಬರ್‌ನಲ್ಲಿ ಸೇಂಟ್ ಯೂಸ್ಟಾಶ್ ಎಂಬ ಹಳ್ಳಿಯಲ್ಲಿ ದಂಗೆಯವರು ಇಗರ್ಜಿಯೊಳಗೆ ಸೇರಿಕೊಂಡರು. ಸೈನ್ಯ ಅದಕ್ಕೇ ಬೆಂಕಿ ಇಟ್ಟಿತು. ಪಕ್ಕದ ಸೇಂಟ್ ಬೆನ್ವಾ ಹಳ್ಳಿಯವರು ಶರಣಾಗಿದ್ದರು. ಆದರೂ ಊರು ಉಳಿಯಲಿಲ್ಲ, ಲೂಟಿಯಾಗಿ ಸುಟ್ಟುಹೋಯಿತು. ಸೇನಾಪತಿ ಕೋಲ್ಬೋರ್ನ್‌ಗೆ ಫ್ರೆಂಚ್ ರೈತರು 'ಬೆಂಕಿ ಇಡುವ ಮುದುಕ' ಅಂತಲೇ ಹೆಸರಿಟ್ಟಿದ್ದರು. ಡಿಸೆಂಬರ್ ಅಂದರೆ ಅಲ್ಲಿ ಕೊರೆಯುವ ಹಿಮ. ಸುಟ್ಟ ಮನೆ ಅಂದರೆ ಬರೀ ಗೋಡೆ ಹೋಯಿತು ಅಂತಲ್ಲ. ಚಳಿಗಾಲಕ್ಕೆ ಕೂಡಿಟ್ಟ ಕಾಳು, ಹುಲ್ಲು, ಸೌದೆ ಎಲ್ಲ ಹೋಯಿತು ಅಂತ. ನಾವು ಮಳೆಗಾಲಕ್ಕೆ ಮೊದಲು ಅಟ್ಟ ತುಂಬಿಸುತ್ತೇವಲ್ಲ, ಆ ಅಟ್ಟವೇ ಹೋದ ಹಾಗೆ.

ಇನ್ನು ಪರಿಹಾರ. ಅಷ್ಟರಲ್ಲಿ ಎರಡೂ ಕೆನಡಾಗಳಿಗೆ ಒಂದೇ ಸರ್ಕಾರ ಆಗಿತ್ತು. ಮೇಲಿನ ಕೆನಡಾದವರ ನಷ್ಟಕ್ಕೆ 1845ರಲ್ಲಿ 40 ಸಾವಿರ ಪೌಂಡ್ ಮಂಜೂರಾಯಿತು. ಹಣ ಎಲ್ಲಿಂದ ಬಂತು ಗೊತ್ತಾ? ಹೆಂಡದಂಗಡಿ ಲೈಸೆನ್ಸ್ ಶುಲ್ಕದಿಂದ. ಯಾರೂ ಗಲಾಟೆ ಮಾಡಲಿಲ್ಲ. ಕೆಳ ಕೆನಡಾದವರು ನಮಗೂ ಕೊಡಿ ಅಂದರು. ಸರ್ಕಾರ ಒಂದು ಆಯೋಗ ಮಾಡಿತು. ಆಯೋಗದವರಿಗೆ ಮೊದಲ ದಿನವೇ ಬಂದ ಪ್ರಶ್ನೆ: ಯಾರು ನಿಷ್ಠರು, ಯಾರು ದಂಗೆಕೋರರು ಅಂತ ಹೇಗೆ ಗುರುತಿಸೋದು? ಸರ್ಕಾರ ಹೇಳಿದ್ದು, ಕೋರ್ಟಿನಲ್ಲಿ ಶಿಕ್ಷೆ ಆದವರನ್ನು ಬಿಟ್ಟು ಉಳಿದವರನ್ನೆಲ್ಲ ಲೆಕ್ಕಕ್ಕೆ ತಗೊಳ್ಳಿ ಅಂತ. ನನಗೆ ಇದು ನ್ಯಾಯವಾದ ಮಾತು ಅನ್ನಿಸುತ್ತದೆ. ಸುಮ್ನೆ ಗುಮಾನಿಯ ಮೇಲೆ ಒಬ್ಬನನ್ನು ಹೊರಗಿಡೋದು ಹೇಗೆ?

ಒಂದು ಲಕ್ಷ ಪೌಂಡ್ ಸಾಕಾಗುತ್ತದೆ ಅಂತ 1846ರಲ್ಲಿ ಆಯೋಗ ಹೇಳಿತು. ಆಗಿನ ಸರ್ಕಾರ ಕೊಟ್ಟಿದ್ದು 9,986 ಪೌಂಡ್. ಹತ್ತನೇ ಒಂದು ಪಾಲೂ ತುಂಬಲಿಲ್ಲ. 1849ರಲ್ಲಿ ಫ್ರೆಂಚರ ನಾಯಕ ಲಾಫೊಂಟೆನ್ ಮತ್ತು ಇಂಗ್ಲಿಷರ ಕಡೆಯ ಬಾಲ್ಡ್ವಿನ್ ಅವರ ಹೊಸ ಸರ್ಕಾರ ಪೂರ್ತಿ ಲಕ್ಷದ ಮಸೂದೆ ತಂದಿತು. ಸಭೆಯಲ್ಲಿ 47 ಮತ ಪರ, 18 ವಿರುದ್ಧ. ಇಂಗ್ಲಿಷ್ ವ್ಯಾಪಾರಿಗಳು ಕುದಿದುಹೋದರು. 'ನಮ್ಮ ತೆರಿಗೆ ಹಣ ದಂಗೆಕೋರರಿಗಾ?' ಅನ್ನುವುದು ಅವರ ಕೂಗು. ಅದರ ಹಿಂದೆ ಬೇರೆ ಸಂಕಟವೂ ಇತ್ತು ಅನ್ನಿ. 1846ರಲ್ಲಿ ಬ್ರಿಟನ್ ಧಾನ್ಯದ ಸುಂಕದ ಕಾನೂನು ತೆಗೆದುಹಾಕಿದ ಮೇಲೆ ಕೆನಡಾದ ಗೋಧಿಗೆ ಸಿಗುತ್ತಿದ್ದ ರಿಯಾಯಿತಿ ಹೋಗಿತ್ತು, ವ್ಯಾಪಾರ ಬಿದ್ದಿತ್ತು. ನಾವು ಗೆದ್ದವರು, ಆದರೂ ಫ್ರೆಂಚರ ಕೈಗೆ ಅಧಿಕಾರ ಹೋಯಿತು ಅನ್ನುವ ನೋವೂ ಸೇರಿತು.

ಗವರ್ನರ್ ಜನರಲ್ ಲಾರ್ಡ್ ಎಲ್ಗಿನ್. ಸಹಿ ಹಾಕಬೇಡಿ ಅಂತ ಅವರ ಮೇಲೆ ಬಹಳ ಒತ್ತಡ ಇತ್ತು. ಜನರ ಸಭೆ ಪಾಸು ಮಾಡಿದ್ದನ್ನು ನಾನು ತಡೆಯುವುದಿಲ್ಲ ಅಂತ ಅವರು ನಿಂತರು. 1849ರ ಏಪ್ರಿಲ್ 25ರಂದು ಸಹಿ ಹಾಕಿ ಹೊರಗೆ ಬಂದರೆ ಗಾಡಿಯ ಮೇಲೆ ಮೊಟ್ಟೆಗಳ ಸುರಿಮಳೆ. ರಾತ್ರಿ ಗುಂಪು ಪಾರ್ಲಿಮೆಂಟಿಗೆ ನುಗ್ಗಿ ಬೆಂಕಿ ಹಚ್ಚಿತು. 20 ಸಾವಿರಕ್ಕೂ ಹೆಚ್ಚು ಪುಸ್ತಕಗಳ ಲೈಬ್ರರಿ ಬೂದಿಯಾಯಿತು. ನಲವತ್ತು ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡವನಿಗೆ ಈ ಸಾಲು ಬರೆಯುವಾಗ ಕೈ ಭಾರ ಆಗುತ್ತದೆ. ಐದು ದಿನ ಬಿಟ್ಟು ಎಲ್ಗಿನ್ ಮತ್ತೆ ಪೇಟೆಗೆ ಬಂದಾಗ ಕಲ್ಲು ಬಿತ್ತು. ಅವರು ಕಾನೂನು ವಾಪಸ್ ತೆಗೆದುಕೊಳ್ಳಲಿಲ್ಲ, ಗುಂಪಿನ ಮೇಲೆ ಗುಂಡೂ ಹಾರಿಸಲಿಲ್ಲ. ರಾಜಧಾನಿ ಮಾತ್ರ ಮಾಂಟ್ರಿಯಲ್ ಬಿಟ್ಟು ಹೋಯಿತು, ಮತ್ತೆ ಬರಲೇ ಇಲ್ಲ.

ಇದೇ ಎಲ್ಗಿನ್ 1860ರಲ್ಲಿ ಚೀನಾದಲ್ಲಿದ್ದರು. ತಮ್ಮ ಕಡೆಯ ಸೆರೆಯಾಳುಗಳನ್ನು ಕೊಂದಿದ್ದಕ್ಕೆ ಪ್ರತೀಕಾರ ಅಂತ ಬೀಜಿಂಗ್‌ನ ಬೇಸಿಗೆ ಅರಮನೆ ಸುಡಲು ಅಪ್ಪಣೆ ಕೊಟ್ಟವರು ಅವರೇ. ಮನೆ ಸುಟ್ಟುಹೋದವರಿಗೆ ಪರಿಹಾರ ಕೊಡಿಸಲು ಕಲ್ಲೇಟು ತಿಂದ ಮನುಷ್ಯ! ಆಮೇಲೆ 1862ರಲ್ಲಿ ನಮ್ಮ ದೇಶಕ್ಕೆ ವೈಸರಾಯ್ ಆಗಿ ಬಂದರು, 1863ರಲ್ಲಿ ಧರ್ಮಶಾಲಾದಲ್ಲಿ ತೀರಿಕೊಂಡರು. ಅಲ್ಲಿನ ದೇವದಾರು ಮರಗಳ ನಡುವಿನ ಇಗರ್ಜಿಯಲ್ಲಿ ಸಮಾಧಿ ಇದೆ. ಮಗ ರಜೆಗೆ ಬಂದಾಗ ಉತ್ತರದ ಕಡೆ ಪ್ರವಾಸ ಹೋದರೆ ನೋಡಲಿ.

ಪ್ರಶ್ನೆ: ವಸಾಹತುಗಳ ಯುದ್ಧದಲ್ಲಿ ಹೊರಗಿಂದ ಬಂದು ನೆಲೆಸಿದವರ ಮನೆ ಸುಟ್ಟರೆ ಸರ್ಕಾರ ಪರಿಹಾರ ಕೊಡುತ್ತದೆ. ಆ ನೆಲದ ಮೂಲ ಜನರ ಮನೆ ಸುಟ್ಟರೆ?
– ತೀರ್ಥಹಳ್ಳಿಯ ಕಾಲೇಜು ವಿದ್ಯಾರ್ಥಿ

ಉತ್ತರ: ನ್ಯೂಜಿಲೆಂಡಿನ ತಾರಾನಾಕಿಯ ಕತೆ ಕೇಳಿ. ವೈತಾರಾ ಎಂಬಲ್ಲಿ ಸುಮಾರು 600 ಎಕರೆ ಜಮೀನು. ಆ ನೆಲದ ಮೂಲ ಜನರಾದ ಮಾವೋರಿಗಳಲ್ಲಿ ಟೆ ತೇರಾ ಎಂಬವನು ಮಾರುತ್ತೇನೆ ಅಂದ. ಇದು ಎಲ್ಲರ ನೆಲ, ಮಾರಲು ಬಿಡುವುದಿಲ್ಲ ಅಂತ ಮುಖಂಡ ವಿರೇಮು ಕೀಂಗಿ ಅಂದ. ಗವರ್ನರ್ ಕೇಳಲಿಲ್ಲ. ಸರ್ವೆಗೆ ಬಂದವರನ್ನು ಹೆಂಗಸರು ಅಡ್ಡ ನಿಂತು ತಡೆದರು, ಆಯುಧ ಇಲ್ಲದೆ. ಮರುತಿಂಗಳು, 1860ರ ಮಾರ್ಚ್‌ನಲ್ಲಿ ಯುದ್ಧ ಶುರು.

ಬಂದು ನೆಲೆಸಿದ ಇಂಗ್ಲಿಷ್ ಕುಟುಂಬಗಳು ಹೊಲಮನೆ ಬಿಟ್ಟು ನ್ಯೂ ಪ್ಲಿಮತ್ ಪಟ್ಟಣಕ್ಕೆ ಓಡಿ ಬಂದವು. ಹೆಂಗಸರು ಮಕ್ಕಳನ್ನು ಹಡಗಿನಲ್ಲಿ ನೆಲ್ಸನ್‌ಗೆ ಕಳಿಸಿದರು. ಹಿಂದೆ ಬಿಟ್ಟ ಮನೆಗಳು ಉರಿದವು. ಅವರಿಗೆ ಸರ್ಕಾರದಿಂದ ಪರಿಹಾರ ಬಂತು. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಕೈಯಾರೆ ಕಟ್ಟಿದ ಮನೆ ಯಾರದ್ದಾದರೂ ಮನೆಯೇ. ಸೈನಿಕರು ಮಾವೋರಿಗಳ ಊರು, ಬೆಳೆಯನ್ನೂ ನಾಶ ಮಾಡಿದ್ದರು. ಅವರಿಗೆ ಬಂದದ್ದು 1863ರ ಕಾನೂನು. ದಂಗೆ ಎದ್ದವರ ಜಮೀನು ಮುಟ್ಟುಗೋಲು! ತಾರಾನಾಕಿ ಒಂದರಲ್ಲೇ 12 ಲಕ್ಷ ಎಕರೆಗೂ ಮಿಕ್ಕಿ. ಅದೇ ವರ್ಷ ಗವರ್ನರ್ ಗ್ರೇ ವೈತಾರಾ ಖರೀದಿಯನ್ನೇ ಕೈಬಿಟ್ಟಿದ್ದರು. ಅಂದರೆ ಯುದ್ಧಕ್ಕೆ ಕಾರಣವಾದ ವ್ಯವಹಾರ ಸರಿಯಿಲ್ಲ ಅಂತ ಗೊತ್ತಾದ ಮೇಲೂ ಶಿಕ್ಷೆ ಮಾತ್ರ ನಿಲ್ಲಲಿಲ್ಲ.

ಸಿಮ್ ಆಯೋಗ ಮುಟ್ಟುಗೋಲಿನ ವಿಚಾರಣೆ ಮಾಡಿ ತಾರಾನಾಕಿಯ ಮಾವೋರಿಗಳಿಗೆ ವರ್ಷಕ್ಕೆ 5,000 ಪೌಂಡ್ ಕೊಡಿ ಅಂತ ಹೇಳಿದ್ದು 1927ರಲ್ಲಿ. ಅಷ್ಟರಲ್ಲಿ ಅರವತ್ತು ವರ್ಷ ದಾಟಿತ್ತು. ಮಾವೋರಿಗಳ ಅಹವಾಲು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿಯ ದೊಡ್ಡ ವರದಿ ಬಂದಿದ್ದು 1996ರಲ್ಲಿ. ಒಬ್ಬರಿಗೆ ಕಣ್ಣೆದುರೇ ಸಿಕ್ಕಿದ್ದು, ಇನ್ನೊಬ್ಬರಿಗೆ ಮೊಮ್ಮಕ್ಕಳ ಕಾಲಕ್ಕೂ ಪೂರ್ತಿ ಸಿಗಲಿಲ್ಲ. ನಿಮ್ಮ ಪ್ರಶ್ನೆಗೆ ಇದೇ ನೇರ ಉತ್ತರ ತಮ್ಮಾ.

ಪ್ರಶ್ನೆ: ನಮ್ಮ ಅಜ್ಜನ ಟ್ರಂಕಿನಲ್ಲಿ ಮುಳುಗಡೆ ಕಾಲದ ಕಾಗದಗಳಿವೆ. ನೋಟಿಸು, ಮರಗಳ ಪಟ್ಟಿ, ರಸೀದಿ. ಕೇಸೆಲ್ಲ ಮುಗಿದಿದೆ, ಗೆದ್ದಲು ಬೇರೆ ಹಿಡಿದಿದೆ. ಇಟ್ಟುಕೊಂಡು ಏನು ಉಪಯೋಗ? ಅಜ್ಜಿಗೆ ಈಗ 86 ವರ್ಷ.
– ಹೊಸನಗರದ ಓದುಗರು

ಉತ್ತರ: ದಯವಿಟ್ಟು ಬಿಸಾಡಬೇಡಿ. ಅಮೆರಿಕ ಸ್ವತಂತ್ರವಾದಾಗ ಬ್ರಿಟನ್ ಕಡೆ ನಿಂತವರು ಆಸ್ತಿ ಕಳೆದುಕೊಂಡು ಓಡಿಹೋದರು. 1783ರಲ್ಲಿ ಲಂಡನ್ ಸರ್ಕಾರ ಅವರ ನಷ್ಟ ವಿಚಾರಿಸಲು ಆಯೋಗ ಮಾಡಿತು. 3,225 ಅರ್ಜಿ ಬಂದವು. ಕೇಳಿದ್ದು ಒಂದು ಕೋಟಿ ಪೌಂಡಿಗೂ ಜಾಸ್ತಿ, ಒಪ್ಪಿಕೊಂಡಿದ್ದು ಸುಮಾರು 30 ಲಕ್ಷ. ಒಬ್ಬೊಬ್ಬರನ್ನೂ ಕೂರಿಸಿ, ಪ್ರಮಾಣ ಮಾಡಿಸಿ, ಸಾಕ್ಷಿ ಕೇಳಿ ಬರೆದುಕೊಂಡರು. ಬರಬೇಕಾಗಿದ್ದ ಬಾಡಿಗೆ, ವ್ಯಾಪಾರದ ನಷ್ಟ, ಸ್ವಂತ ಸೈನ್ಯವೇ ಮಾಡಿದ ಹಾಳು, ಇವಕ್ಕೆಲ್ಲ ಪರಿಹಾರ ಇಲ್ಲ ಅಂದರು. ಬ್ರಿಟನ್ ಕಡೆ ಸೇರಿದ್ದ ಕಪ್ಪು ಜನರಲ್ಲಿ ಬಹಳ ಮಂದಿಗೆ ಏನೂ ಸಿಗಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕಿತಲ್ಲ, ಇನ್ನೇನು ಬೇಕು ಅನ್ನುವ ಧೋರಣೆ.

ಆ ಕಡತಗಳು ಇವತ್ತಿಗೂ ಲಂಡನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅವುಗಳಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಹೆಂಗಸರ ಅರ್ಜಿಗಳು. ಎಷ್ಟೋ ವಿಧವೆಯರಿಗೆ ಗಂಡನ ಜಮೀನು ಎಷ್ಟು, ಅದರ ಬೆಲೆ ಎಷ್ಟು ಅಂತ ಹೇಳಲು ಗೊತ್ತಿರಲಿಲ್ಲ. ಆದರೆ ಅಡುಗೆಮನೆಯ ಪಾತ್ರೆ, ಹಾಸಿಗೆ, ಬಟ್ಟೆಗಳ ಪಟ್ಟಿ ಕರಾರುವಾಕ್ಕಾಗಿ ಕೊಟ್ಟರು. ಇನ್ನೂರೈವತ್ತು ವರ್ಷದ ಹಿಂದಿನ ಮನೆಯ ಒಳಗು ನಮಗೆ ಕಾಣುವುದು ಆ ಹೆಂಗಸರಿಂದ. ನಮ್ಮ ಮುಳುಗಡೆ ಪಟ್ಟಿಗಳಲ್ಲಿ ಆ ಒಳಗು ಇಲ್ಲ. ಮರ ಎಣಿಸಿದರು, ಗೋಡೆ ಅಳೆದರು, ಅಷ್ಟೇ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಏಳುತ್ತದೆ, ನೋಡಲು ಜನ ಹೋಗುತ್ತಾರೆ. ನಾನು ಒಂದು ಸಲ ಇನ್ನೂ ಮುಂದೆ, ನಮ್ಮ ಮನೆ ಇದ್ದ ದಿಕ್ಕಿಗೆ ನಡೆದುಹೋಗಿದ್ದೆ. ಕೆಸರಿನಲ್ಲಿ ಅರ್ಧ ಹೂತ ಒಂದು ಒರಳುಕಲ್ಲು ಸಿಕ್ಕಿತು. ನಮ್ಮದೋ ಪಕ್ಕದವರದ್ದೋ ಹೇಳಲು ಅಮ್ಮ ಇರಲಿಲ್ಲ. ಅಪ್ಪನ ಪಟ್ಟಿಯಲ್ಲೂ ಒರಳು ಇಲ್ಲ.

ಹಾಗಾಗಿ ಮೊದಲು ಕಾಗದಗಳನ್ನು ಬಿಡಿಸಿ, ನೆರಳಲ್ಲಿ ಗಾಳಿಗೆ ಒಣಗಿಸಿ. ಬಿಸಿಲು ಬೇಡ, ಶಾಯಿ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲಕ್ಕೆ ಬೂಸ್ಟು ಬರುತ್ತದೆ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡಿ. ಪ್ರತಿ ಹಾಳೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನಿಬ್ಬರಿಗೆ ಕಳಿಸಿ. ಆಮೇಲೆ ಒಂದು ಹೊಸ ನೋಟ್‌ಬುಕ್ ತಗೊಂಡು ಅಜ್ಜಿಯ ಪಕ್ಕ ಕೂತ್ಕೊಳ್ಳಿ. ಜಮೀನಿನ ವಿಷಯ ಕೇಳಬೇಡಿ. ಒಲೆ ಯಾವ ಕಡೆ ಇತ್ತು, ಉಪ್ಪಿನಕಾಯಿ ಜಾಡಿ ಎಷ್ಟಿದ್ದವು, ಬಚ್ಚಲ ಹಂಡೆ ಏನಾಯಿತು, ಪಕ್ಕದ ಗುಡಿಸಲಿನಲ್ಲಿ ಯಾರಿದ್ದರು, ಅವರು ಎಲ್ಲಿಗೆ ಹೋದರು ಅಂತ ಕೇಳಿ. ಅಜ್ಜಿ ಹೇಳಿದ ಹಾಗೇ ಬರೆದುಕೊಳ್ಳಿ. 86 ವರ್ಷ ಅಂದಿದ್ದೀರಿ. ಈ ಭಾನುವಾರವೇ ಶುರು ಮಾಡಿ.