ಅಣ್ಣನ ಆಸ್ತಿಗೆ ಕೋರ್ಟ್ ನೇಮಿಸುವ ಗಾರ್ಡಿಯನ್: ಅಮೆರಿಕದ ಆರೋಗ್ಯ ವಿಮೆಯ ಸುಧಾರಣೆ ಸಾಕೇ?

ಪ್ರಶ್ನೆ: ನನ್ನ ಅಣ್ಣ ಬಹಳ ವರ್ಷಗಳಿಂದ ಅಮೆರಿಕದಲ್ಲಿದ್ದು ಅಲ್ಲಿಯ ಪೌರತ್ವ ಪಡೆದವರು. ವಯಸ್ಸು 78. ಮಕ್ಕಳಿಲ್ಲ, ಅತ್ತಿಗೆ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಈಚೆಗೆ ಮರೆವು ಕಾಣಿಸಿಕೊಂಡಿದೆ. ಮುಂದೆ ಕೋರ್ಟ್ ಯಾರೋ ಅಪರಿಚಿತರನ್ನು ಗಾರ್ಡಿಯನ್ (ಅವರ ಪರವಾಗಿ ಹಣ, ಮನೆ, ಆರೈಕೆಯ ನಿರ್ಧಾರ ಮಾಡುವವರು) ಆಗಿ ನೇಮಿಸಬಹುದೆಂದು ಆಸ್ಪತ್ರೆಯವರು ಹೇಳಿದರಂತೆ. ಅಂಥವರು ವೃದ್ಧರ ಮನೆ ಮಾರಿ ಹಣ ನುಂಗಿದ ಸುದ್ದಿಗಳನ್ನು ಓದಿ ಗಾಬರಿಯಾಗಿದೆ. ಸರ್ಕಾರವೇ ಎಲ್ಲರ ಚಿಕಿತ್ಸೆಯ ವೆಚ್ಚ ಭರಿಸುವಂತಾದರೆ ಈ ಶೋಷಣೆ ನಿಲ್ಲುವುದಿಲ್ಲವೇ? ನಾವು ಇಲ್ಲಿಂದ ಏನು ಮಾಡಬಹುದು?

ಉತ್ತರ: ನಿಮ್ಮ ಗಾಬರಿಗೆ ಕಾರಣವಿದೆ. ಆದರೆ ವಿಮೆಯ ಸುಧಾರಣೆಯೊಂದರಿಂದಲೇ ಈ ಶೋಷಣೆ ನಿಲ್ಲುವುದಿಲ್ಲ. ಎರಡಕ್ಕೂ ನಂಟಿರುವುದು ನಿಜ, ಆ ನಂಟು ಎಲ್ಲಿದೆ ಎಂಬುದನ್ನು ಮೊದಲು ನೋಡೋಣ.

1965ರಲ್ಲಿ ಕಾನೂನಾದ ಸರ್ಕಾರಿ ವಿಮೆ ಮೆಡಿಕೇರ್ 65 ದಾಟಿದವರ ಆಸ್ಪತ್ರೆ ಮತ್ತು ವೈದ್ಯರ ಖರ್ಚಿನ ಬಹುಪಾಲನ್ನು ನೋಡಿಕೊಳ್ಳುತ್ತದೆ. ಮರೆವಿನ ಕಾಯಿಲೆಯವರಿಗೆ ವರ್ಷಗಟ್ಟಲೆ ಬೇಕಾಗುವುದು ಸ್ನಾನ ಮಾಡಿಸುವ, ಉಣ್ಣಿಸುವ, ಕಣ್ಣಿಟ್ಟು ಕಾಯುವ ಆರೈಕೆ. ಅದಕ್ಕೆ ಮೆಡಿಕೇರ್ ಹಣ ಕೊಡುವುದಿಲ್ಲ. ನುರಿತ ದಾದಿಯರ ಆರೈಕೆ ಬೇಕಾದಾಗ ಮಾತ್ರ, ಅದೂ ಷರತ್ತುಗಳಿಗೆ ಒಳಪಟ್ಟು, ಒಂದು ಅವಧಿಗೆ ಹೆಚ್ಚೆಂದರೆ 100 ದಿನ ಆರೈಕೆ ಕೇಂದ್ರದ ವೆಚ್ಚದಲ್ಲಿ ಪಾಲು ಕೊಡುತ್ತದೆ. ಆಮೇಲೆ ಸ್ವಂತ ಹಣ ಬೇಕು, ಇಲ್ಲವೇ ಬಡವರಿಗಾಗಿರುವ ಸರ್ಕಾರಿ ವಿಮೆ ಮೆಡಿಕೈಡ್ ಸಿಗಬೇಕು. ಹೆಚ್ಚಿನ ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಲೆಕ್ಕಕ್ಕೆ ಬರುವ ಉಳಿತಾಯ ಸುಮಾರು 2,000 ಡಾಲರಿಗೆ ಇಳಿಯುವವರೆಗೆ ದೀರ್ಘಾವಧಿ ಆರೈಕೆಗೆ ಮೆಡಿಕೈಡ್ ಸಿಗುವುದಿಲ್ಲ. ಹಿಂದಿನ 5 ವರ್ಷಗಳಲ್ಲಿ ಯಾರಿಗಾದರೂ ಹಣ ಅಥವಾ ಆಸ್ತಿ ದಾನ ಕೊಟ್ಟಿದ್ದರೆ ಅದನ್ನೂ ಕೆದಕಿ ನೋಡುತ್ತಾರೆ. ಅಂದರೆ ಜೀವಮಾನದ ಗಳಿಕೆ ಕರಗಲೇಬೇಕು, ಕರಗಿಸಲು ಯಾರದಾದರೂ ಸಹಿ ಬೇಕು. ತಾವೇ ಸಹಿ ಮಾಡುವ ಸ್ಥಿತಿಯಲ್ಲಿಲ್ಲದ ಹಿರಿಯರ ಬದುಕಿಗೆ ಗಾರ್ಡಿಯನ್ ಪ್ರವೇಶಿಸುವುದು ಇಲ್ಲಿಯೇ. ಬಿಲ್ ಬಾಕಿ ಉಳಿದಾಗ ಆರೈಕೆ ಕೇಂದ್ರಗಳೇ ಗಾರ್ಡಿಯನ್ ನೇಮಕಕ್ಕೆ ಕೋರ್ಟಿಗೆ ಅರ್ಜಿ ಹಾಕಿದ ಪ್ರಕರಣಗಳೂ ಇವೆ.

ಆ ಸಹಿಯ ಅಧಿಕಾರ ಎಷ್ಟು ದೊಡ್ಡದೆಂಬುದಕ್ಕೆ ನೆವಾಡ ರಾಜ್ಯದ ಲಾಸ್ ವೇಗಸ್ ಪ್ರಕರಣವನ್ನು ನೋಡಬಹುದು. ಏಪ್ರಿಲ್ ಪಾರ್ಕ್ಸ್ ಎಂಬ ವೃತ್ತಿಪರ ಗಾರ್ಡಿಯನ್ ಅನೇಕ ವೃದ್ಧರ ಮನೆ, ಬ್ಯಾಂಕ್ ಖಾತೆ, ವಾಸಸ್ಥಳ ಎಲ್ಲವನ್ನೂ ಕೋರ್ಟ್ ಆದೇಶದ ಬಲದಿಂದಲೇ ತನ್ನ ಹಿಡಿತಕ್ಕೆ ತಂದುಕೊಂಡಿದ್ದಳು. ಶೋಷಣೆ, ಕಳವು ಮತ್ತು ಸುಳ್ಳು ಪ್ರಮಾಣದ ಆರೋಪಗಳನ್ನು ಒಪ್ಪಿಕೊಂಡ ಆಕೆಗೆ 2019ರಲ್ಲಿ 16ರಿಂದ 40 ವರ್ಷಗಳ ಸೆರೆವಾಸವಾಯಿತು. ಇದು ಒಬ್ಬಳ ದುರಾಸೆಯ ಕಥೆ ಮಾತ್ರವಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಆಗಲೇ ಮುಗಿದಿದ್ದ 20 ಪ್ರಕರಣಗಳನ್ನು 2010ರಲ್ಲಿ ಆಯ್ದು ಪರಿಶೀಲಿಸಿದಾಗ, ಗಾರ್ಡಿಯನ್‌ಗಳು 158 ಮಂದಿಯಿಂದ 54 ಲಕ್ಷ ಡಾಲರ್ ಲಪಟಾಯಿಸಿದ್ದು ಕಂಡುಬಂದಿತ್ತು. ಕಾಯಬೇಕಾದ ಕೋರ್ಟಿನ ಮುದ್ರೆಯೇ ಇಲ್ಲಿ ಕಳ್ಳನಿಗೆ ರಕ್ಷಣೆಯಾಗುತ್ತದೆ ಎಂಬುದು ನನ್ನನ್ನು ಅತಿಯಾಗಿ ಕಾಡುವ ಸಂಗತಿ. ಮನೆಯವರು ಪ್ರಶ್ನಿಸಿದರೂ "ಕೋರ್ಟ್ ಆದೇಶವಿದೆ" ಎಂಬ ಒಂದೇ ಉತ್ತರ ಸಿಗುತ್ತದೆ.

ಸುಧಾರಣೆಗಳು ನಡೆದಿಲ್ಲವೆಂದಲ್ಲ. 2010ರ ಆರೋಗ್ಯ ವಿಮಾ ಸುಧಾರಣಾ ಕಾಯ್ದೆಯೊಳಗೇ ಹಿರಿಯರ ಶೋಷಣೆ ತಡೆಯುವ ಭಾಗವೊಂದು ಸೇರಿತ್ತು. ಅದಕ್ಕೆಂದು ಕಾಯ್ದೆ ಅನುಮತಿಸಿದ ಮೊತ್ತದಲ್ಲಿ ಮೊದಲ ಹಲವು ವರ್ಷಗಳಲ್ಲಿ ಕೈಗೆ ಬಂದದ್ದು ಅತ್ಯಲ್ಪ. ಗಾರ್ಡಿಯನ್ ನೇಮಕ ಆಯಾ ರಾಜ್ಯದ ಕಾನೂನಿಗೆ ಸೇರಿದ್ದರಿಂದ ಒಂದೆಡೆಯ ತಿದ್ದುಪಡಿ ಇನ್ನೊಂದೆಡೆ ತಲುಪುವುದೂ ಇಲ್ಲ. ನೆವಾಡ 2017ರಲ್ಲಿ ಗಾರ್ಡಿಯನ್ ಕೆಳಗಿರುವವರಿಗೆ ವಕೀಲರ ನೆರವಿನ ಹಕ್ಕು ಕೊಟ್ಟಿತು, ಆದರೆ ಅದು ಆ ರಾಜ್ಯಕ್ಕಷ್ಟೇ ಸೀಮಿತ. ದೀರ್ಘಾವಧಿ ಆರೈಕೆಯನ್ನೂ ಸಾರ್ವಜನಿಕ ವಿಮೆಗೆ ಸೇರಿಸಿದರೆ ಮನೆ ಮಾರುವ ಒತ್ತಡ ಖಂಡಿತ ತಗ್ಗುತ್ತದೆ. ಆದರೂ ಗಾರ್ಡಿಯನ್ ಸಲ್ಲಿಸುವ ವಾರ್ಷಿಕ ಲೆಕ್ಕವನ್ನು ಕೋರ್ಟ್ ಕಡೆಯಿಂದ ಯಾರಾದರೂ ರಸೀದಿ ಸಹಿತ ಪರಿಶೀಲಿಸದಿದ್ದರೆ, ಪಿಂಚಣಿ ಮತ್ತು ಮನೆ ಇಂದಿನಷ್ಟೇ ಅಪಾಯದಲ್ಲಿರುತ್ತವೆ.

ಇನ್ನು ನೀವು ಮಾಡಬೇಕಾದ್ದು. ಅಣ್ಣನವರಿಗೆ ವಿಷಯ ಅರ್ಥವಾಗುವ ಸ್ಥಿತಿ ಇರುವಾಗಲೇ ಅವರಿರುವ ರಾಜ್ಯದಲ್ಲಿ ವೃದ್ಧರ ಕಾನೂನು ಬಲ್ಲ ವಕೀಲರೊಬ್ಬರನ್ನು ಕಾಣಲಿ. ನಮ್ಮಲ್ಲಿ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟವರ ಬುದ್ಧಿಸ್ವಾಧೀನ ತಪ್ಪಿದರೆ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಅಲ್ಲಿ ಆ ಬಳಿಕವೂ ಊರ್ಜಿತದಲ್ಲಿರುವಂಥದನ್ನು ಬರೆಸಬಹುದು. ಚಿಕಿತ್ಸೆಯ ನಿರ್ಧಾರಗಳಿಗೆ ಬೇರೆ ಪತ್ರ ಮಾಡಿಸಿ, ಎರಡರಲ್ಲೂ ಅಮೆರಿಕದಲ್ಲೇ ಇರುವ ನಂಬಿಕೆಯ ಒಬ್ಬರನ್ನೂ ಅವರಿಗೆ ಬದಲಿಯಾಗಿ ಮತ್ತೊಬ್ಬರನ್ನೂ ಹೆಸರಿಸಬೇಕು. ಇಂಥ ಪತ್ರಗಳಿದ್ದರೆ ಗಾರ್ಡಿಯನ್ ಅಗತ್ಯವಿಲ್ಲವೆಂದು ಕೋರ್ಟಿಗೆ ತೋರಿಸುವುದು ಸುಲಭ. ಸರ್ಕಾರಿ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿ ಕಚೇರಿ ಮಾತ್ರ ಪವರ್ ಆಫ್ ಅಟಾರ್ನಿಯನ್ನು ಒಪ್ಪುವುದಿಲ್ಲ, ಪಿಂಚಣಿ ಪಡೆಯುವ ಪ್ರತಿನಿಧಿಯನ್ನು ಅದು ತಾನೇ ನೇಮಿಸುತ್ತದೆ.

ಇಷ್ಟರ ಮೇಲೂ ಅರ್ಜಿ ದಾಖಲಾದರೆ ಸುಮ್ಮನಿರಬೇಡಿ. ಒಡಹುಟ್ಟಿದವರಾಗಿ ನಿಮ್ಮ ಮಾತನ್ನೂ ಕೇಳಬೇಕೆಂದು ವಕೀಲರ ಮೂಲಕ ಕೋರಿ. ಅಣ್ಣನಿಗೆ ಸ್ವಂತ ವಕೀಲರಿರಲಿ, ಅಧಿಕಾರ ಅಗತ್ಯವಿದ್ದಷ್ಟಕ್ಕೇ ಸೀಮಿತವಾಗಲಿ, ಗಾರ್ಡಿಯನ್ (ನಷ್ಟವಾದರೆ ತುಂಬಿಕೊಡುವ) ಭದ್ರತಾ ಬಾಂಡ್ ಒದಗಿಸಲಿ, ಮನೆ ಮಾರುವ ಮುನ್ನ ಕೋರ್ಟಿನ ಅನುಮತಿ ಕಡ್ಡಾಯವಾಗಲಿ ಎಂದು ಲಿಖಿತವಾಗಿ ಕೇಳಿ. ಹಣ ಸೋರುತ್ತಿರುವ ಅನುಮಾನ ಬಂದರೆ ಆ ರಾಜ್ಯದ ವಯಸ್ಕರ ರಕ್ಷಣಾ ವಿಭಾಗಕ್ಕೆ ದೂರು ಕೊಡಬಹುದು.

ಪ್ರಶ್ನೆ: ಮೆಡಿಕೈಡ್ ನಿಯಮಗಳನ್ನು ಬದಲಿಸಿದ ಅಮೆರಿಕದ 2025ರ ಕಾನೂನಿನಿಂದ ವೃದ್ಧರ ಮೆಡಿಕೈಡ್ ತಪ್ಪಿಹೋಗುತ್ತದೆಯೇ?

ಉತ್ತರ: ಹೆಚ್ಚು ಚರ್ಚೆಯಾದ, ಮೆಡಿಕೈಡ್ ಬೇಕಾದರೆ ದುಡಿಯಬೇಕೆಂಬ ಷರತ್ತು 64 ವರ್ಷದವರೆಗಿನವರಿಗೆ ಮಾತ್ರ. ವೃದ್ಧರಿಗೆ ತಟ್ಟುವ ಬದಲಾವಣೆ ಬೇರೊಂದಿದೆ. ಅರ್ಜಿ ಹಾಕಿದ ತಿಂಗಳಿಗಿಂತ ಹಿಂದಿನ 3 ತಿಂಗಳ ಬಿಲ್ಲುಗಳಿಗೆ ಇದುವರೆಗೆ ಮೆಡಿಕೈಡ್ ಅನ್ವಯಿಸುತ್ತಿತ್ತು. 2027ರಿಂದ ಅದು ಅವರ ಪಾಲಿಗೆ 2 ತಿಂಗಳಿಗೆ ಇಳಿಯುತ್ತದೆ. ಗಾರ್ಡಿಯನ್ ಅರ್ಜಿ ಹಾಕಲು ತಡಮಾಡಿದರೆ ಆ ಬಾಕಿ ಹಿರಿಯರ ತಲೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸಿದ ದಿನಾಂಕವನ್ನು ಲಿಖಿತವಾಗಿ ಕೇಳಿ ಪಡೆಯಿರಿ.