ಮಾಧ್ಯಮದ ಪಾಠದಿಂದ ವಂಶಾವಳಿಗೆ: ನಿಮ್ಮ ಪ್ರಶ್ನೆಗೆ

ಇಷ್ಟು ವರ್ಷ ಪತ್ರಿಕೋದ್ಯಮ ಪಾಠ ಮಾಡಿ, ಮಹಿಳಾ ಸಮಾನತೆಯ ಕೆಲಸ ಮಾಡಿ, ಈಗ ವಂಶಾವಳಿ ಸಂಶೋಧನೆಗೆ ಇಳಿದರೆ ಹಿಂದಿನದೆಲ್ಲ ವ್ಯರ್ಥವಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಾನೂ ಅದೇ ದಾರಿಯಲ್ಲಿ ಬಂದವಳು, ಕಾರವಾರದವಳು. ಸುದ್ದಿಯಲ್ಲಿ ಹೆಣ್ಣಿನ ಹೆಸರು ಎಲ್ಲಿ ಬಿಟ್ಟುಹೋಗಿದೆ ಅಂತ ಹುಡುಕುತ್ತಿದ್ದ ಕಣ್ಣೇ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ, ಯಾಕಂದ್ರೆ ನಮ್ಮ ಮನೆಗಳ ವಂಶವೃಕ್ಷದಲ್ಲಿ ಹೆಚ್ಚಾಗಿ ಗಂಡಸರೇ ಇರುತ್ತಾರೆ.

ನಮ್ಮಜ್ಜಿಯನ್ನೇ ನೋಡಿ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದರು. ಹಳೆಯದು ಅಲ್ಲಿಗೇ ಮುಗಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳೂ ವಾರಸುದಾರಳಾದಳಲ್ವಾ, ಹಾಗಾಗಿ ಅಜ್ಜಿಯ ಅಪ್ಪ ತೀರಿಕೊಂಡಾಗ ಅಂಕೋಲಾ ಕಡೆಯ ಜಮೀನಿನ ವಾರಸಾ ನಮೂದಿನಲ್ಲಿ, ಅಂದ್ರೆ ವಾರಸುದಾರರ ಹೆಸರು ಸೇರಿಸುವ ದಾಖಲೆಯಲ್ಲಿ, ಅಣ್ಣಂದಿರ ಕೆಳಗೆ, ಮಸುಕು ಶಾಯಿಯಲ್ಲಿ ಅವಳ ಎರಡೂ ಹೆಸರು ಬಂದಿತ್ತು, ನಡುವೆ 'ಉರ್ಫ್'. ಓದಿ ಕಣ್ಣು ತುಂಬಿ ಬಂತು.

ಕಾಗದಪತ್ರದ ಹುಡುಕಾಟವನ್ನು ನೀವೂ ಇಂಥ ಜಮೀನಿನ ದಾಖಲೆಯಿಂದಲೇ ಶುರು ಮಾಡಿ. ಶಾಲೆಯ ದಾಖಲಾತಿ ಪುಸ್ತಕವನ್ನೂ ಕೇಳಿ ನೋಡಿ. ಇನ್ನೊಂದು ಮಾತು, ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಾಗದಕ್ಕೆ ಬೆಂಗಳೂರೊಂದನ್ನೇ ನಂಬಬೇಡಿ, ಚೆನ್ನೈ, ಮುಂಬೈ ಪತ್ರಾಗಾರಗಳಲ್ಲೂ ವಿಚಾರಿಸಿ.

ಆದರೆ ಎಲ್ಲಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರ ಹತ್ತಿರ ಕೂತುಕೊಳ್ಳಿ. ಸಂದರ್ಶನ ಮಾಡುವುದು ನಿಮಗೆ ಗೊತ್ತೇ ಇದೆ. 'ನಿಮ್ಮ ಅಮ್ಮನ ತವರು ಯಾವುದು' ಅಂತ ಕೇಳಿ, ಸುಮ್ನೆ ಕಾಯಿರಿ.