ಒಂದೂವರೆ ಸಾವಿರದ ವೈರ್‌ಲೆಸ್ ಕಂಟ್ರೋಲರ್: ಅಂಗಡಿಯಲ್ಲೇ ಪರೀಕ್ಷಿಸಿ

ನಮಸ್ಕಾರ. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ನೋಡಿದ ₹1,500ರ ವೈರ್‌ಲೆಸ್ ಕಂಟ್ರೋಲರನ್ನು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡಲು ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬಹುದು, ಆದರೆ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ದು ಪರೀಕ್ಷಿಸಿದ ಮೇಲೆ ಹಣ ಕೊಡಿ.

ಮುಖ್ಯವಾಗಿ ನೋಡಬೇಕಾದದ್ದು ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್. ಅಗ್ಗದ ಕಂಟ್ರೋಲರ್‌ಗಳಲ್ಲಿ ಸ್ಟಿಕ್ ಎತ್ತ ವಾಲಿದೆ ಎಂದು ಅಳೆಯಲು ಹೆಚ್ಚಾಗಿ ಪೊಟೆನ್ಶಿಯೋಮೀಟರ್ ಎಂಬ ಬಿಡಿಭಾಗ ಇರುತ್ತದೆ. ಅದರೊಳಗಿನ ಲೋಹದ ತುದಿ ಇಂಗಾಲದ ಪಟ್ಟಿಯ ಮೇಲೆ ಉಜ್ಜಿ ಉಜ್ಜಿ ಸವೆದಂತೆಲ್ಲ, ನೀವು ಮುಟ್ಟದಿದ್ದರೂ ಆಟದ ಪಾತ್ರ ತಾನಾಗಿಯೇ ಒಂದು ಕಡೆಗೆ ನಡೆಯತೊಡಗುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್ ಅಯಸ್ಕಾಂತದ ಮೂಲಕ ಚಲನೆಯನ್ನು ಗುರುತಿಸುವುದರಿಂದ ಅದಕ್ಕೆ ಈ ಸವೆತವಿಲ್ಲ. ಕಂಟ್ರೋಲರಿನ ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಈ ಹಾಲ್ ಎಫೆಕ್ಟ್ ಸ್ಟಿಕ್ಕಿಗೆ ಕೊಡುವುದೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷಿಸಲು ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ವಿಂಡೋಸ್‌ನ ಹುಡುಕು ಪಟ್ಟಿಯಲ್ಲಿ ‘ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್’ ತೆರೆದು ಪ್ರಾಪರ್ಟೀಸ್ ಒತ್ತಿದರೆ, ಚೌಕದೊಳಗೆ ಒಂದು ಸಣ್ಣ ಕೂಡು ಚಿಹ್ನೆ ಕಾಣಿಸುತ್ತದೆ. ಸ್ಟಿಕ್ಕನ್ನು ಅಂಚಿನವರೆಗೆ ತಳ್ಳಿ ಥಟ್ಟನೆ ಬಿಟ್ಟಾಗ ಆ ಚಿಹ್ನೆ ಪ್ರತಿ ಸಲವೂ ನಡುವಿಗೇ ಮರಳಬೇಕು; ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ ನಿಂತರೆ ಬೇರೆ ಪೀಸ್ ಕೇಳಿ.

ಡಬ್ಬಿಯ ಮೇಲೆ ಎಕ್ಸ್‌ಇನ್‌ಪುಟ್ (ಕಂಟ್ರೋಲರ್ ವಿಂಡೋಸ್ ಆಟಗಳೊಂದಿಗೆ ಮಾತಾಡುವ ಒಂದು ಪದ್ಧತಿ) ಎಂದಿರಲಿ, ಏಕೆಂದರೆ ಈಗಿನ ಬಹುತೇಕ ಪಿಸಿ ಆಟಗಳು ಅದನ್ನೇ ನಿರೀಕ್ಷಿಸುತ್ತವೆ. ಸಂಪರ್ಕಕ್ಕೆ ಬ್ಲೂಟೂತ್‌ಗಿಂತ 2.4 ಗಿಗಾಹರ್ಟ್ಸ್ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್, ಸಾಮಾನ್ಯವಾಗಿ ಚುರುಕು. ಆದರೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕಿನ ಪಕ್ಕದಲ್ಲೇ ಚುಚ್ಚಿದರೆ ಆ ಡಿಸ್ಕಿನ ರೇಡಿಯೋ ಗದ್ದಲದಿಂದ ಸಿಗ್ನಲ್ ತಡವರಿಸಬಹುದಾದ್ದರಿಂದ, ಡಾಂಗಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ.